ಗುಂಡಿನ ಮೂತಿ ತಿದ್ದುತ್ತಿದ್ದ ದೊಡ್ಡಪ್ಪ

ಗುಂಡು ಹಾಕುವ ದೊಡ್ಡಪ್ಪ ಯಾರ ಮನೆಯಲ್ಲಿಲ್ಲ ಹೇಳಿ! ಆದರೆ ಗುಂಡಿಗೆ ಕ್ಷೌರ ಮಾಡುವ ದೊಡ್ಡಪ್ಪ ಇದ್ದದ್ದು ಇಡೀ ಮೈಸೂರಿಗೆ ನಮ್ಮ ಮನೆಯಲ್ಲಿ ಮಾತ್ರ.

ತಪ್ಪು ತಿಳಿಯಬೇಡಿ. ನಾನು ಹೇಳುತ್ತಿರುವುದು ಬಾಟಲಿಯ ಗುಂಡಲ್ಲ, ಬಂದೂಕಿನ ಗುಂಡು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಬೆಳಗಾಗೆದ್ದು ವಿಭೂತಿ ಧರಿಸಿ, ಪೂಜೆ ಮುಗಿಸಿ, ಉಪ್ಪಿಟ್ಟು ತಿನ್ನುವ ಜನ. ಮೊಟ್ಟೆ ಎಂಬ ಪದವನ್ನು ಅಡುಗೆಮನೆಯಲ್ಲಿ ಆಡಿದರೆ ನಮ್ಮ ದೊಡ್ಡಮ್ಮ ಬಾಯಿ ತೊಳೆದುಕೊಂಡು ಬಾ ಎನ್ನುತ್ತಿದ್ದರು. ಅಂಥ ಮನೆಯಲ್ಲಿ ರೈಫಲ್ ಇಟ್ಟುಕೊಂಡಿದ್ದವರು ದೊಡ್ಡಪ್ಪ. ಹುಲಿ ಹೊಡೆಯಲಿಕ್ಕಲ್ಲ, ಹಂದಿ ಹೊಡೆಯಲಿಕ್ಕಲ್ಲ. ಹಲ್ಲಿ ಕಂಡರೆ ಪೊರಕೆ ಎತ್ತುವ ಬದಲು ಕಿಟಕಿ ತೆರೆದು, "ಹೋಗಮ್ಮ, ಹೋಗು" ಎಂದು ದಾರಿ ಬಿಡುತ್ತಿದ್ದ ಮನುಷ್ಯ ಅವರು. ಹಾಗಾದರೆ ರೈಫಲ್ ಯಾಕೆ? ಕಾಗದ ಹೊಡೆಯಲಿಕ್ಕೆ! ಊರಾಚೆಯ ರೈಫಲ್ ಕ್ಲಬ್ಬಿನಲ್ಲಿ ಭಾನುವಾರ ಬೆಳಿಗ್ಗೆ ಹೊಟ್ಟೆಯ ಮೇಲೆ ಮಲಗಿ, ಬಹಳ ದೂರದಲ್ಲಿ ನಿಲ್ಲಿಸಿದ ಒಂದು ಕಾಗದದ ಮಧ್ಯದ ಕಪ್ಪು ಚುಕ್ಕೆಗೆ ಗುರಿಯಿಡುವುದು. ದೊಡ್ಡಪ್ಪನ ಇಡೀ ಬೇಟೆಗಾರಿಕೆ ಅಷ್ಟೇ.

ನಾನು ತೊಂಬತ್ತರ ದಶಕದ ಶುರುವಿನಲ್ಲಿ ಓದಲೆಂದು ಮೈಸೂರಿಗೆ ಬಂದು ಜಯಲಕ್ಷ್ಮಿಪುರಂನ ಅವರ ಮನೆಯಲ್ಲಿ ಉಳಿದೆ. ಓದು ಮುಗಿದ ಮೇಲೆ ಅದೇ ಊರಲ್ಲಿ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸವಾಯಿತು, ಹಾಗೆಯೇ ಉಳಿದುಬಿಟ್ಟೆ. ಬಂದ ಮೊದಲ ದಿನ ರೈಫಲ್ಲಿನ ಉದ್ದನೆಯ ಪೆಟ್ಟಿಗೆ ನೋಡಿ, "ದೊಡ್ಡಪ್ಪ, ನೀವು ವೀಣೆ ನುಡಿಸ್ತೀರಾ?" ಎಂದು ಕೇಳಿದ್ದೆ. ಪಾಪ, ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಮೈಸೂರಲ್ಲವೇ! ಉದ್ದನೆಯ ಪೆಟ್ಟಿಗೆ ಹಿಡಿದು ರಸ್ತೆಗಿಳಿದವರೆಲ್ಲ ವಿದ್ವಾಂಸರೇ. ಆಟೋದವರು ದಾರಿಯುದ್ದಕ್ಕೂ, "ಇವತ್ತು ಎಲ್ಲಿ ಸಾರ್ ಕಚೇರಿ?" ಎಂದು ವಿಚಾರಿಸುತ್ತಿದ್ದರಂತೆ. ದೊಡ್ಡಪ್ಪ ಸುಳ್ಳು ಹೇಳದೆ, "ಊರಾಚೆ. ತಾಳ ಮಾತ್ರ ಸ್ವಲ್ಪ ಜೋರು" ಎನ್ನುತ್ತಿದ್ದರು.

ಇನ್ನು ಕ್ಷೌರದ ವಿಷಯ. ದೊಡ್ಡಪ್ಪ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದವರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ತುಂಡನ್ನು ಎಸೆದು ಹೊಸದು ಮಾಡುವ ಶಿಸ್ತು ಅಲ್ಲಿನದು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದಾಗ ಆ ಶಿಸ್ತೂ ಅವರ ಜೊತೆ ಸ್ಕೂಟರ್ ಹತ್ತಿ ಬಂದುಬಿಟ್ಟಿತು. ಕ್ಲಬ್ಬಿನಲ್ಲಿ ಕೆಲವರು ಪರವಾನಗಿ ಪಡೆದು ತಮ್ಮ ತೋಟಾಗಳನ್ನು ತಾವೇ ಕೈಯಾರೆ ತುಂಬಿಕೊಳ್ಳುತ್ತಿದ್ದರು. ದೊಡ್ಡಪ್ಪನೂ ಆ ಗುಂಪಿಗೆ ಸೇರಿದರು. ಮದ್ದಿನ ಕೆಲಸವೆಲ್ಲ ಕ್ಲಬ್ಬಿನ ಕೋಣೆಯಲ್ಲೇ. ಮನೆಗೆ ಬರುತ್ತಿದ್ದುದು ಬರೀ ಗುಂಡು: ತಾಮ್ರದ ಅಂಗಿ ತೊಟ್ಟ, ಬೆರಳಿನ ತುದಿಯಷ್ಟಿದ್ದ ಸೀಸದ ಗುಂಡು.

ಒಂದು ದಿನ ನನ್ನನ್ನು ಕರೆದು ಭೂತಗನ್ನಡಿ ಕೈಗಿಟ್ಟರು.

"ಇದರ ಮೂತಿ ನೋಡು ಮಗಳೇ. ಏನ್ ಕಾಣುತ್ತೆ?"

"ಮೂತಿ ಕಾಣುತ್ತೆ."

"ಅದು ಮೂತಿಯೇನಮ್ಮಾ? ನಾಯಿ ಕಚ್ಚಿಟ್ಟ ರೊಟ್ಟಿ ಇದ್ದಂಗಿದೆ!"

ನಿಜಕ್ಕೂ ಹಾಗೇ ಇತ್ತು. ಬರಿಗಣ್ಣಿಗೆ ನುಣ್ಣಗೆ ಕಾಣುವ ಗುಂಡಿನ ತುದಿಯಲ್ಲಿ ಒಂದು ಪುಟ್ಟ ತೂತು. ತೂತಿನ ಅಂಚೆಲ್ಲ ಹರಕು ಮುರುಕು. ಒಂದು ಗುಂಡಿನ ಹರಕು ಇನ್ನೊಂದಕ್ಕಿಲ್ಲ. ಒಂದು ಸ್ವಲ್ಪ ಉದ್ದ, ಇನ್ನೊಂದು ಸ್ವಲ್ಪ ಗಿಡ್ಡ.

"ಇಬ್ರು ಸೈಕಲ್ ಮೇಲೆ ಚಾಮುಂಡಿ ಬೆಟ್ಟ ಇಳೀತಿದ್ದಾರೆ ಅನ್ಕೋ" ಎಂದು ದೊಡ್ಡಪ್ಪ ಪಾಠ ಶುರುಮಾಡಿದರು. "ಒಬ್ಬ ತಲೆಗೆ ಎಣ್ಣೆ ಹಾಕಿ ನೀಟಾಗಿ ಬಾಚಿದ್ದಾನೆ. ಇನ್ನೊಬ್ಬ ತಲೆ ಕೆದರ್ಕೊಂಡು ಅಂಗಿ ಗುಂಡಿ ಬಿಚ್ಕೊಂಡಿದ್ದಾನೆ. ಗಾಳಿ ಯಾರನ್ನ ಹಿಡ್ಕೊಳುತ್ತೆ? ಕೆದರಿದೋನನ್ನ! ಇಬ್ರೂ ಬೆಟ್ಟದ ಬುಡಕ್ಕೆ ಬೇರೆ ಬೇರೆ ಹೊತ್ತಿಗೆ ಮುಟ್ತಾರೆ. ಗುಂಡೂ ಅಷ್ಟೇ ಕಣಮ್ಮ. ಎಲ್ಲಕ್ಕೂ ಒಂದೇ ಸಮ ತಲೆ ಬಾಚಿ ಕಳಿಸಿದ್ರೆ ಎಲ್ಲ ಒಂದೇ ಮನೆಗೆ ಹೋಗಿ ಸೇರ್ತವೆ."

ಆ ಬಾಚುವ ಕೆಲಸಕ್ಕೆ ಅವರೇ ಲೇತಿನಲ್ಲಿ ಕಡೆಸಿಕೊಂಡ ಎರಡು ಉಪಕರಣಗಳಿದ್ದವು. ಒಂದು, ಪೆನ್ಸಿಲ್ ಮೆಂಡರಿನಂಥ ಪುಟ್ಟ ಕತ್ತಿ: ಅದರೊಳಗೆ ಗುಂಡಿಟ್ಟು ತಿರುಗಿಸಿದರೆ ತುದಿಯ ಹರಕೆಲ್ಲ ಒಂದೇ ಅಳತೆಗೆ ಸವರಿಹೋಗುತ್ತಿತ್ತು. ಆದರೆ ಹಾಗೆ ಸವರಿದಾಗ ತುದಿಯ ಬಾಯಿ ತುಸು ಅಗಲವಾಗುತ್ತದಲ್ಲ? ಅದಕ್ಕೆ ಎರಡನೆಯದು: ಹಿಡಿ ಒತ್ತಿದರೆ ಗುಂಡು ಒಂದು ಅಚ್ಚಿನೊಳಗೆ ನುಗ್ಗಿ ಬಾಯಿ ಮುಚ್ಚಿ, ಚೂಪು ಮೂತಿ ಮಾಡಿಕೊಂಡು ಹೊರಬರುವ ಯಂತ್ರ. ಮೊದಲು ಕ್ಷೌರ, ಆಮೇಲೆ ಮೂತಿ. ಅದಾದ ಮೇಲೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕೂತರೆ ಸಂಜೆ ಕಾಫಿಯವರೆಗೂ ಇದೇ.

"ನಿಮ್ಮ ಗಡ್ಡ ನೋಡ್ಕೊಂಡಿದ್ದೀರೇನ್ರೀ?" ಎಂದು ದೊಡ್ಡಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು. "ವಾರದಿಂದ ಹಂಗೇ ಬಿಟ್ಕೊಂಡಿದ್ದೀರಿ. ಗುಂಡಿಗೆ ಮಾತ್ರ ದಿನಾ ಕ್ಷೌರ!"

"ನಾನೇನು ಗಾಳೀಲಿ ಹಾರ್ಬೇಕಾ?" ಎಂದು ದೊಡ್ಡಪ್ಪನ ಉತ್ತರ.

ಇಷ್ಟೆಲ್ಲ ಮಾಡಿ ಅವರು ಎಂಥ ಗುರಿಕಾರರಾಗಿದ್ದರು ಎಂದು ಕೇಳುತ್ತೀರಾ? ಕೇಳಬಾರದಿತ್ತು. ಒಮ್ಮೆ ಮೂರನೆಯ ಬಹುಮಾನವೆಂದು ಸ್ಟೀಲ್ ಚೊಂಬು ತಂದರು. ಅಂದು ಸ್ಪರ್ಧೆಗೆ ಬಂದಿದ್ದವರೇ ಮೂವರು! ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ನಿವೃತ್ತ ಸುಬೇದಾರರು, "ಶತ್ರುಗಳೂ ನಿಮ್ಮಂಗೇ ಮೂತಿ ತಿದ್ತಾ ಕೂತಿದ್ದಿದ್ರೆ ಸಾರ್, ನಾವು ಚಾ ಕುಡಿತಾ ಯುದ್ಧ ಗೆದ್ಬುಡ್ತಿದ್ವಿ" ಎಂದು ನಗುತ್ತಿದ್ದರು. ದೊಡ್ಡಪ್ಪನೂ ನಗುತ್ತಿದ್ದರು. ಗೆಲ್ಲುವ ಚಪಲ ಅವರಿಗೆ ಇರಲೇ ಇಲ್ಲ. ಸಮ ಮಾಡುವ ಚಪಲ ಮಾತ್ರ ವಿಪರೀತ.

ಆ ಚಪಲ ಗುಂಡಿನಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ಒಮ್ಮೆ ಮನೆಗೆ ನೆಂಟರು ಬರುವವರಿದ್ದರು. ದೊಡ್ಡಮ್ಮ ಕೈ ಬಿಡುವಿಲ್ಲದೆ, "ಈ ಬೆಂಡೆಕಾಯಿ ಒಸಿ ಹೆಚ್ಕೊಡಿ" ಎಂದು ಬುಟ್ಟಿ ಮುಂದಿಟ್ಟು ಹೋದರು. ಎಂಥ ಧೈರ್ಯ ನೋಡಿ! ದೊಡ್ಡಪ್ಪ ಮೊದಲು ಬೆಂಡೆಕಾಯಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅವುಗಳಲ್ಲಿ ಎಲ್ಲಕ್ಕಿಂತ ಗಿಡ್ಡನೆಯದನ್ನು ಹುಡುಕಿದರು. ಉಳಿದವನ್ನೆಲ್ಲ ಅದರ ಅಳತೆಗೆ ಕತ್ತರಿಸಿದರು. ಆಮೇಲೆ ದಪ್ಪ ನೋಡಿದರು. ದಪ್ಪನೆಯವನ್ನು ಬೇರೆ ಮಾಡಿ, "ಇವು ಕ್ಲಾಸಿಗೆ ಬರಲ್ಲ" ಎಂದು ಪಕ್ಕಕ್ಕಿಟ್ಟರು. ದೊಡ್ಡಮ್ಮ ಬಂದು ನೋಡಿದಾಗ ಪಲ್ಯಕ್ಕೆ ಒಂದು ಬಟ್ಟಲು ಬೆಂಡೆ ಉಳಿದಿತ್ತು. ಪಕ್ಕದ ಬೀದಿಯ ಹಸುವಿಗೆ ಒಂದು ಬುಟ್ಟಿ.

"ನೆಂಟರಿಗೆ ಏನ್ ಬಡಿಸ್ಲಿ ಈಗ?"

"ಎಲ್ಲಾರ್ಗೂ ಸಮವಾಗಿ ಬಡಿಸು" ಎಂದರು ದೊಡ್ಡಪ್ಪ.

ದೊಡ್ಡಮ್ಮ ಸೇಡು ತೀರಿಸಿಕೊಂಡದ್ದು ಆಯುಧಪೂಜೆಗೆ. ಬೇಕೆಂದು ಮಾಡಿದ್ದಲ್ಲ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಮೈಸೂರಿನಲ್ಲಿ ಆ ದಿನ ಲಾರಿಯಿಂದ ಹಿಡಿದು ಈಳಿಗೆ ಮಣೆಯವರೆಗೆ ಎಲ್ಲಕ್ಕೂ ಪೂಜೆಯುಂಟು. ದೊಡ್ಡಪ್ಪ ಸ್ನಾನಕ್ಕೆ ಹೋಗಿದ್ದಾಗ ದೊಡ್ಡಮ್ಮ ರೈಫಲ್ಲಿಗೆ ಹೂ ಮುಡಿಸಿ, ಮುಂದಿನ ಸ್ಪರ್ಧೆಗೆಂದು ತಿದ್ದಿ, ತೂಗಿ, ಡಬ್ಬಿಯಲ್ಲಿಟ್ಟಿದ್ದ ಗುಂಡುಗಳನ್ನೆಲ್ಲ ತಟ್ಟೆಗೆ ಸುರುವಿಕೊಂಡು, ಒಂದೊಂದಕ್ಕೂ ಭಕ್ತಿಯಿಂದ ವಿಭೂತಿ ಬಳಿದು ಮೇಲೊಂದು ಕುಂಕುಮವಿಟ್ಟರು. ಗುಂಡುಗಳು ಮದುವೆಗೆ ಹೊರಟ ಮುತ್ತೈದೆಯರಂತೆ ಸಾಲಾಗಿ ಕೂತಿದ್ದವು. ಒದ್ದೆ ತಲೆಯಲ್ಲಿ ಬಂದ ದೊಡ್ಡಪ್ಪ ಕಿರುಚಿದ್ದು ಮೂರು ಮನೆಗೆ ಕೇಳಿಸಿತು.

"ಏನೇ ಇದು! ಒಂದು ಚಿಟಿಕೆ ಕುಂಕುಮ ಎಷ್ಟು ತೂಗುತ್ತೆ ಗೊತ್ತೇನೇ ನಿನಗೆ?"

"ಮುತ್ತೈದೆ ಇಟ್ಟ ಕುಂಕುಮ ಕಣ್ರೀ, ಅದನ್ನೂ ತಕ್ಕಡೀಲಿಟ್ಟು ತೂಗ್ತೀರಾ?"

ಒರೆಸಿದರೆ ಅಪಚಾರ, ಬಿಟ್ಟರೆ ತೂಕ ಹೆಚ್ಚು. ಕಡೆಗೆ ದೊಡ್ಡಪ್ಪ ಕಂಡುಕೊಂಡ ಉಪಾಯವೆಂದರೆ ಹಬ್ಬ ಮುಗಿಯುವವರೆಗೂ ಅವುಗಳ ಕಡೆ ನೋಡದೇ ಇರುವುದು. ವಿಜಯದಶಮಿ ಕಳೆದ ಮೇಲೆ ಒಂದೊಂದನ್ನೂ ಬಿಸಿನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಮತ್ತೆ ತೂಗಿದರು. ತೊಳೆದ ನೀರನ್ನು ತುಳಸಿ ಕಟ್ಟೆಗೆ ಹಾಕಲು ಹೋದಾಗ ದೊಡ್ಡಮ್ಮ, "ಸೀಸದ ನೀರು ಗಿಡಕ್ಕೆ ಹಾಕ್ತೀರಾ?" ಎಂದು ಇನ್ನೊಮ್ಮೆ ಬೈದರು.

ಈ ರೈಫಲ್ಲಿನಿಂದ ನನ್ನ ಮದುವೆಯೊಂದು ಮುರಿದ ಕತೆಯನ್ನೂ ಹೇಳಿಬಿಡುತ್ತೇನೆ. ಚುನಾವಣೆ ಬಂತೆಂದರೆ ಲೈಸೆನ್ಸು ಇದ್ದವರೆಲ್ಲ ತಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಆ ವರ್ಷಗಳಲ್ಲಿ ಸರ್ಕಾರಗಳು ನಿಲ್ಲುತ್ತಿದ್ದುದೇ ಅಪರೂಪ. ಚುನಾವಣೆಗಳು ಹಬ್ಬಗಳಿಗಿಂತ ಹೆಚ್ಚು ಬರುತ್ತಿದ್ದವು. ದೊಡ್ಡಪ್ಪನಿಗೆ ಯಾವ ಪಕ್ಷ ಬಂದರೂ ಒಂದೇ, ಹೋದರೂ ಒಂದೇ. ಅವರ ಚಿಂತೆಯೆಲ್ಲ ಠಾಣೆಯ ಕೋಣೆಯ ತೇವಕ್ಕೆ ರೈಫಲ್ ತುಕ್ಕು ಹಿಡಿದೀತೆಂದು. ದಿನಾ ಬೆಳಿಗ್ಗೆ ಒಂದು ಪುಟ್ಟ ಎಣ್ಣೆ ಡಬ್ಬಿ, ಒಂದು ಬಟ್ಟೆ ಹಿಡಿದು ಹೊರಡುತ್ತಿದ್ದರು.

"ಏನ್ ಸಾರ್, ಬಾಣಂತೀನ ನೋಡಕ್ಕೆ ಬಂದಂಗೆ ದಿನಾ ಬತ್ತೀರಲ್ಲ!" ಎಂದು ಅಲ್ಲಿನ ಮುಖ್ಯ ಪೇದೆ ರೇಗಿಸುತ್ತಿದ್ದರಂತೆ. "ಅಂಗೇ ಬುಟ್ಟೋಗಿ ಸಾರ್, ನಾವೇನ್ ನಿಮ್ ಕೋವಿ ತಿಂದ್ಬುಡಲ್ಲ."

"ತಿನ್ನೋದ್ ಬ್ಯಾಡಪ್ಪ, ಒಸಿ ಒರೆಸಕ್ಕೆ ಬುಡು ಸಾಕು" ಎಂದು ದೊಡ್ಡಪ್ಪ ಅವರದೇ ಮಾತಿನಲ್ಲಿ ಗೋಗರೆದು, ಅವರ ಕಣ್ಣೆದುರೇ ಎಣ್ಣೆ ಸವರಿ ಬರುತ್ತಿದ್ದರು.

ಅದೇ ಸಮಯಕ್ಕೆ ಯಾದವಗಿರಿಯಿಂದ ನನಗೊಂದು ಗಂಡು ಗೊತ್ತಾಗಿತ್ತು. ಜಾತಕ, ಮನೆತನ ಎಲ್ಲ ಕೂಡಿಬಂದಿತ್ತು. ನೋಡಲು ಬರುವ ಮುಂಚೆ ಅವರ ಕಡೆಯ ಹಿರಿಯರೊಬ್ಬರು ಬೀದಿಯಲ್ಲಿ ವಿಚಾರಿಸಿದ್ದಾರೆ. ಬೀದಿಯವರು ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾರೆ: "ಒಳ್ಳೇ ಜನ. ಆದ್ರೆ ಯಜಮಾನರು ಮಾತ್ರ ದಿನಾ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಬರ್ತಾರಪ್ಪ." ಜಾಮೀನಿನ ಮೇಲೆ ಹೊರಬಂದು ದಿನಾ ಸಹಿ ಹಾಕಲು ಹೋಗುವ ಆಸಾಮಿ ಎಂದು ಅವರು ಲೆಕ್ಕ ಹಾಕಿಕೊಂಡು ಬರುವುದನ್ನೇ ಕೈಬಿಟ್ಟರು. ವಿಷಯ ತಿಳಿದು ದೊಡ್ಡಪ್ಪ ಎರಡು ದಿನ ನನ್ನ ಮುಖ ನೋಡಲಿಲ್ಲ. ಆ ಗಂಡಿನ ಸಿಡುಕು, ಜಿಪುಣತನಗಳ ಬಗ್ಗೆ ಆಮೇಲೆ ಊರೆಲ್ಲ ಮಾತಾಡಿಕೊಂಡದ್ದನ್ನು ಕೇಳಿದರೆ, ದೊಡ್ಡಪ್ಪನ ರೈಫಲ್ ಒಂದು ಗುಂಡೂ ಹಾರಿಸದೆ ಒಂದು ಜೀವ ಉಳಿಸಿತು ಎಂದೇ ನನ್ನ ನಂಬಿಕೆ. ನನ್ನ ಮದುವೆ ಮುಂದೆ ನಜರ್‌ಬಾದಿನವರ ಜೊತೆ ಆಯಿತು. ಅವರಿಗೆ ಮೊದಲೇ ಎಲ್ಲ ವಿವರಿಸಿದ್ದೆವು!

ಹೊಸ ಸಹಸ್ರಮಾನ ಬಂದು ಕೆಲವು ವರ್ಷಗಳಾಗಿದ್ದವು. ಭಾನುವಾರಗಳಲ್ಲಿ ನಾನು ತವರಿಗೆ ಹೋದಂತೆ ಅವರ ಮನೆಗೆ ಹೋಗಿಬರುತ್ತಿದ್ದೆ. ಒಂದು ಸಲ ಹೋದಾಗ ಪಡಸಾಲೆಯಲ್ಲಿ ಮಣೆಯೂ ಇಲ್ಲ, ತಕ್ಕಡಿಯೂ ಇಲ್ಲ. ದೊಡ್ಡಪ್ಪ ಬಲಗೈಯನ್ನು ಹೆಗಲ ಟವೆಲಿನೊಳಗೆ ಸುತ್ತಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಕಾಫಿ ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡರು.

ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಕೈ ನಡುಗುತ್ತೆ ಕಣೇ. ಡಾಕ್ಟ್ರು ನರದ ಕಾಯಿಲೆ ಅಂದ್ರು. ಮಾತ್ರೆ ತಗೊಂಡ್ರೆ ಹೆಚ್ಚಾಗದಂಗೆ ತಡೀಬೌದಂತೆ, ವಾಸಿಯಾಗಲ್ವಂತೆ. ಹೋದ ವಾರ ಕೂತ್ಕೊಂಡು ಗುಂಡು ತಿದ್ತಾ ಇದ್ರು. ಒಂದಾದ್ಮೇಲೊಂದು ಸೊಟ್ಟ ಹೋಯ್ತು. ಎಲ್ಲ ಎತ್ತಿ ಪೆಟ್ಟಿಗೇಲಿ ಹಾಕಿ ಸಜ್ಜೆ ಮೇಲೆ ಇಟ್ಬುಟ್ರು. ಒಂದು ಮಾತಿಲ್ಲ ಕತೆಯಿಲ್ಲ."

"ಬೇಜಾರಲ್ಲಿದ್ದಾರೆ ಬಿಡಿ, ಸರಿಹೋಗ್ತಾರೆ."

"ಹಂಗಲ್ಲ ಕಣೇ." ದೊಡ್ಡಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ನೆನ್ನೆ ಬೇಕಂತ್ಲೇ ಬೆಂಡೆಕಾಯಿ ಒಂದು ಉದ್ದ, ಒಂದು ಗಿಡ್ಡ ಹೆಚ್ಚಿ ಹಾಕಿದ್ದೆ. ಸುಮ್ನೆ ತಿಂದು ಎದ್ದೋದ್ರು. ಬೈಲೇ ಇಲ್ಲ!"

ಮೂವತ್ತು ಚಿಲ್ಲರೆ ವರ್ಷಗಳ ಸಂಸಾರದಲ್ಲಿ ಗಂಡ ಬೈಯಲಿಲ್ಲವೆಂದು ಅತ್ತ ಹೆಂಗಸನ್ನು ನಾನು ಮೊದಲು ಕಂಡದ್ದು ಅಂದೇ.

ಆ ಮಧ್ಯಾಹ್ನವೇ ದೊಡ್ಡಮ್ಮ ಸ್ಟೂಲು ಹತ್ತಿ, ನಾನು ಬೇಡ ಬೇಡವೆಂದರೂ ಕೇಳದೆ, ಸಜ್ಜೆಯ ಪೆಟ್ಟಿಗೆ ಇಳಿಸಿದರು. ಪಡಸಾಲೆಯಲ್ಲಿ ಮಣೆ ಹಾಕಿ, ಕನ್ನಡಕ ಏರಿಸಿಕೊಂಡು ಕೂತರು.

"ಬನ್ರೀ ಇಲ್ಲಿ. ಎಂಗ್ ಮಾಡೋದು ತೋರ್ಸಿ."

"ನಿನಗ್ಯಾಕೆ ಇವೆಲ್ಲ?" ಎಂದರು ದೊಡ್ಡಪ್ಪ, ಕೂತಲ್ಲಿಂದ ಏಳದೆ.

"ಅಕ್ಕೀಲಿ ಕಲ್ಲು ಹುಡುಕೋ ಕಣ್ಣಿಗೆ ಗುಂಡಿನ ಮೂತಿ ಕಾಣಲ್ವಾ? ಬರ್ತೀರೋ, ಇಲ್ಲ ನಾನೇ ತಿರುಗಿಸ್ಲೋ?"

ಅವರು ಉಪಕರಣವನ್ನು ತಲೆಕೆಳಗು ಹಿಡಿದದ್ದು ನೋಡಿ ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಬಂದರು. "ಅಯ್ಯೋ, ಹಂಗಲ್ಲ ಕಣೇ! ನಿಧಾನ. ಅದು ತಾನಾಗೇ ತಗೊಳ್ಳುತ್ತೆ, ನೀನು ಬರೀ ತಿರುಗಿಸು." ಮೊದಲ ಗುಂಡಿನ ಮೂತಿ ಪೂರಾ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದನ್ನು ದೊಡ್ಡಪ್ಪ ಭೂತಗನ್ನಡಿಯಲ್ಲಿ ನೋಡಿ ಡಬ್ಬಿಗೆ ಹಾಕಿಕೊಂಡರು. ಡಬ್ಬಿಗೆ ಬಿತ್ತೆಂದರೆ ಸರಿಯಾಗಿದೆ ಎಂದರ್ಥ. ಅಚ್ಚು ಒತ್ತುವ ಯಂತ್ರಕ್ಕೆ ಬಂದಾಗ, "ಜೋರಾಗಿ ಒತ್ಬೇಡ, ಬಾಯಿ ಮುರಿಯುತ್ತೆ" ಎಂದು ಎಚ್ಚರಿಸಿದರು.

"ನನಗೆ ಹೇಳ್ಕೊಡ್ತೀರಾ? ಈ ಮನೆಗೆ ಬಂದಾಗ್ನಿಂದ ಒತ್ತು ಶಾವಿಗೆ ಯಾರು ಒತ್ತಿದ್ದು, ನಿಮ್ಮ ಸುಬೇದಾರ್ರಾ?"

ಅಂದಿನಿಂದ ಆ ಮನೆಯ ಗುಂಡುಗಳೆಲ್ಲ ದೊಡ್ಡಮ್ಮನ ಕೈಯಲ್ಲೇ ತಯಾರಾದವು. ದೊಡ್ಡಪ್ಪ ಪಕ್ಕದಲ್ಲಿ ಕೂತು ಭೂತಗನ್ನಡಿಯಲ್ಲಿ ನೋಡಿ, "ಇದು ಪಾಸು, ಇದು ಫೇಲು" ಎನ್ನುವುದು. ಫೇಲಾದದ್ದಕ್ಕೆ ದೊಡ್ಡಮ್ಮ ಜಗಳ ತೆಗೆಯುವುದು. ಮನೆಗೆ ಮತ್ತೆ ಸದ್ದು ಬಂತು. ದೊಡ್ಡಪ್ಪ ಬೆಂಡೆಕಾಯಿಗೂ ಬೈಯತೊಡಗಿದರು.

ಕ್ಲಬ್ಬಿನ ವಾರ್ಷಿಕ ಸ್ಪರ್ಧೆ ಹತ್ತಿರ ಬಂದಾಗ ದೊಡ್ಡಪ್ಪ ತಾವಾಗಿಯೇ ಹೇಳಿದರು: ಇದೊಂದು ಸಲ ಹೊಡೆದು, ರೈಫಲ್ಲನ್ನು ಕ್ಲಬ್ಬಿಗೇ ಒಪ್ಪಿಸಿಬಿಡುತ್ತೇನೆ. ಅದಕ್ಕೆ ಬೇಕಾದ ಕಾಗದಪತ್ರವನ್ನೂ, ದೊಡ್ಡಮ್ಮ ತಿದ್ದಿದ ಗುಂಡುಗಳಿಗೆ ಮದ್ದು ತುಂಬುವುದನ್ನೂ ಸುಬೇದಾರರೇ ನೋಡಿಕೊಂಡರು. ನಡುಗುವ ಕೈಗೆ ಆಸರೆಯಾಗಲೆಂದು ಮರಳಿನ ಚೀಲ ಇಟ್ಟುಕೊಳ್ಳಲು ಎಲ್ಲರೂ ಒಪ್ಪಿದರು.

ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಕಡೆ ತಲೆ ಹಾಕದಿದ್ದ ದೊಡ್ಡಮ್ಮ ಅಂದು ಗೌರಿ ಹಬ್ಬದ ಸೀರೆಯುಟ್ಟು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹಿಂದಿನ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ನಾನು. ದೊಡ್ಡಪ್ಪ ಬಹಳ ಹೊತ್ತು ತೆಗೆದುಕೊಂಡು ಚಾಪೆಯ ಮೇಲೆ ಮಲಗಿದರು. ಮೊದಲ ಗುಂಡು ಹಾರಿದಾಗ ದೊಡ್ಡಮ್ಮ "ಶಿವಾ!" ಎಂದದ್ದು ಅಕ್ಕಪಕ್ಕದವರಿಗೆಲ್ಲ ಕೇಳಿತು. ಆಮೇಲೆ ಪ್ರತಿ ಗುಂಡಿಗೂ ತುಟಿ ಪಿಟಿಪಿಟಿ ಎನ್ನುತ್ತಿತ್ತು. ದೊಡ್ಡಪ್ಪನ ಭುಜ ಅಲುಗುವುದು ನಮಗೆ ಹಿಂದಿನಿಂದ ಕಾಣುತ್ತಿತ್ತು. ಅಲುಗಾಟ ಕಡಿಮೆಯಾಗಲೆಂದು ಅವರು ಕಾಯುವುದು, ಅದು ಕಡಿಮೆಯಾಗದೇ ಇರುವುದು, ಕಡೆಗೆ ಹಾಗೇ ಹೊಡೆದುಬಿಡುವುದು.

ಸುಬೇದಾರರು ದೂರದಿಂದ ಕಾಗದ ತಂದು ದೊಡ್ಡಪ್ಪನ ಕೈಗೆ ಕೊಟ್ಟರು. ಕೈಯಲ್ಲಿ ಕಾಗದ ಪಟಪಟ ಎನ್ನುತ್ತಿತ್ತು. ತೂತುಗಳು ಅಂಗಳಕ್ಕೆ ಎರಚಿದ ರಾಗಿಯಂತೆ ಎಲ್ಲೆಲ್ಲೋ ಬಿದ್ದಿದ್ದವು. ಕಪ್ಪು ಚುಕ್ಕೆಯೊಳಗೆ ಒಂದೂ ಇರಲಿಲ್ಲ.

ದೊಡ್ಡಮ್ಮ ಕಿವಿಯ ಹತ್ತಿ ತೆಗೆದು ಎದ್ದು ಬಂದರು. ಕಾಗದ ನೋಡಿದರು. ಅವರ ಮುಖ ಸಣ್ಣದಾಯಿತು. ತಗ್ಗಿದ ದನಿಯಲ್ಲಿ, "ನಾನು ಯಾವ್ದಾದ್ರೂ ಮೂತಿ ಸರಿಯಾಗಿ ಮಾಡ್ಲಿಲ್ವೇನ್ರೀ?" ಎಂದು ಕೇಳಿದರು.

ದೊಡ್ಡಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು.

"ಇಲ್ಲ ಕಣೇ. ನಾನು ಎಲ್ಲಿ ತೋರಿಸಿದ್ನೋ, ನಿನ್ನ ಗುಂಡು ಕರೆಕ್ಟಾಗಿ ಅಲ್ಲಿಗೇ ಹೋಗಿದೆ. ಒಂದೂ ತಪ್ಪಿಲ್ಲ. ನಾನೇ ಎಲ್ಲೆಲ್ಲೋ ತೋರಿಸ್ಬುಟ್ಟೆ."

"ನಿಜವಾಗ್ಲೂ?"

"ನಿನ್ನಾಣೆ."

"ಹಂಗಾದ್ರೆ ಸರಿ ಬುಡಿ" ಎಂದು ದೊಡ್ಡಮ್ಮ ಉಸಿರು ಬಿಟ್ಟು ಚಿತ್ರಾನ್ನದ ಡಬ್ಬಿ ತೆರೆದರು. ಸುಬೇದಾರರು ಆ ಕಡೆ ತಿರುಗಿಕೊಂಡು ಬಹಳ ಹೊತ್ತು ತಮ್ಮ ಕನ್ನಡಕ ಒರೆಸಿದರು.

ರೈಫಲ್ಲನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಹೊರಟೆವು. ಖಾಲಿ ಕೈಯಲ್ಲಿ ಕೂತ ದೊಡ್ಡಪ್ಪನಿಗೆ ಬಲಗೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೊಣಕಾಲ ಮೇಲಿಟ್ಟರು, ಅದು ನಡುಗಿತು. ಟವೆಲಿನೊಳಗೆ ಸೇರಿಸಲು ನೋಡಿದರು. ದೊಡ್ಡಮ್ಮ ರಸ್ತೆ ಕಡೆಗೇ ನೋಡುತ್ತಾ ಆ ಕೈಯನ್ನು ಎಳೆದು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡರು. ಆ ಮನೆಗೆ ಬಂದಾಗಿನಿಂದ ಮೂರನೆಯವರ ಎದುರು ಅವರು ಹಾಗೆ ಮಾಡಿದ್ದನ್ನು ನಾನಂತೂ ಕಂಡಿರಲಿಲ್ಲ. ನಡುಕ ನಿಲ್ಲಲಿಲ್ಲ. ಮನೆ ಮುಟ್ಟುವವರೆಗೂ ಮೂರು ಕೈಗಳೂ ಒಂದೇ ಸಮ ನಡುಗುತ್ತಿದ್ದವು.